ಪುಟಾಣಿಗಳಿಗೆ ಬೈಬಲ್ ಕಥೆ: ಬೋರ್ಡ್, ವಿಡಿಯೋ, ನಾಟಕ, ಮರಳ ಪೆಟ್ಟಿಗೆ, ಇವುಗಳಲ್ಲಿ ಯಾವುದು ಒಳ್ಳೆಯದು?

ಮೂರರಿಂದ ಐದು ವರ್ಷದ ಮಕ್ಕಳಿಗೆ ಬೈಬಲ್ ಕಥೆ ಹೇಳುವುದು ಕಷ್ಟದ ಕೆಲಸವಲ್ಲ. "ಒಂದು ದಾರಿ ಇತ್ತಂತೆ" ಅಂದರೆ ಸಾಕು, ಓಡಿ ಬಂದು ಮುಂದೆ ಕೂರುತ್ತಾರೆ. ಕಷ್ಟ ಇರುವುದು ಆಮೇಲೆ. ಕಥೆಯಲ್ಲಿರುವ ದಯೆ, ಕ್ಷಮೆ, ಹಂಚಿಕೊಳ್ಳುವ ಗುಣ ಆ ಪುಟ್ಟ ಕೈಗಳಿಗೂ ಬರಬೇಕಲ್ವಾ? ಸಂಡೇ ಸ್ಕೂಲ್‌ನ ಪುಟಾಣಿ ಕ್ಲಾಸ್ ನನ್ನ ಪಾಲಿಗೆ ಬಂದ ಮೇಲೆ ಇದಕ್ಕಿರುವ ದಾರಿಗಳನ್ನು ಒಂದೊಂದಾಗಿ ಬಳಸಿ ನೋಡಿದ್ದೇನೆ. ಫ್ಲಾನೆಲ್ ಬೋರ್ಡ್, ಚಿತ್ರದ ಪುಸ್ತಕ, ಅನಿಮೇಷನ್ ವಿಡಿಯೋ, ಮಕ್ಕಳೇ ಮಾಡುವ ನಾಟಕ, ಮರಳ ಪೆಟ್ಟಿಗೆ, ಕ್ರಾಫ್ಟ್, ಹಾಡು, ಸ್ಟಿಕರ್ ಚಾರ್ಟ್ ಎಲ್ಲವನ್ನೂ.

ಹೋಲಿಕೆ ಅಂದಮೇಲೆ ಕಥೆ ಒಂದೇ ಇರಬೇಕು. ನಾನು ಆರಿಸಿಕೊಂಡಿದ್ದು ಒಳ್ಳೆಯ ಸಮಾರ್ಯದವನ ಕಥೆ, ಬೈಬಲ್ಲಿನ ಲೂಕ ಅನ್ನುವ ಪುಸ್ತಕದ 10ನೇ ಅಧ್ಯಾಯದ 30ನೇ ವಚನದಿಂದ ಮುಂದಕ್ಕೆ. ಯೆರೂಸಲೇಮಿನಿಂದ ಯೆರಿಕೋವಿಗೆ ಹೋಗುವ ದಾರಿ. ಕಳ್ಳರು ಒಬ್ಬ ಪ್ರಯಾಣಿಕನನ್ನು ಹೊಡೆದು, ಇದ್ದಿದ್ದನ್ನೆಲ್ಲ ಕಿತ್ತುಕೊಂಡು ಹೋಗುತ್ತಾರೆ. ಯಾಜಕ, ಅಂದರೆ ದೇವಾಲಯದ ಪೂಜಾರಿ, ಬರುತ್ತಾನೆ, ನೋಡುತ್ತಾನೆ, ಆಚೆ ಬದಿಯಿಂದ ಹೋಗಿಬಿಡುತ್ತಾನೆ. ದೇವಾಲಯದ ಸೇವೆ ಮಾಡುವ ಲೇವಿಯನೂ ಹಾಗೇ ಹೋಗುತ್ತಾನೆ. ಕೊನೆಗೆ ಸಮಾರ್ಯದವನು, ಅಂದರೆ ಯೆಹೂದ್ಯರು ದೂರ ಇಟ್ಟಿದ್ದ ಸಮಾರ್ಯ ಸೀಮೆಯವನು, ಬಂದು ನಿಲ್ಲುತ್ತಾನೆ. ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹಾಕಿ ಬಟ್ಟೆ ಕಟ್ಟುತ್ತಾನೆ. ತನ್ನ ಸವಾರಿ ಪ್ರಾಣಿಯ ಮೇಲೆ ಕೂರಿಸಿಕೊಂಡು ಛತ್ರಕ್ಕೆ ಕರೆದುಕೊಂಡು ಹೋಗುತ್ತಾನೆ. ಮರುದಿನ ಛತ್ರದವನ ಕೈಗೆ ಎರಡು ನಾಣ್ಯ ಕೊಟ್ಟು "ಇವನನ್ನು ನೋಡಿಕೋ" ಅನ್ನುತ್ತಾನೆ. ಈ ಕಥೆಯಲ್ಲಿ ಉಪದೇಶ ಕಡಿಮೆ, ಕೈಯಲ್ಲಿ ಮಾಡುವ ಕೆಲಸ ಜಾಸ್ತಿ. ನನ್ನ ಕ್ಲಾಸಿಗೆ ಇದು ಹೇಳಿ ಮಾಡಿಸಿದ ಹಾಗಿತ್ತು.

ಯಾವ ದಾರಿ ಗೆದ್ದಿತು ಅಂತ ತೀರ್ಮಾನ ಮಾಡುವುದಕ್ಕೆ ಒಂದು ಅಳತೆ ಬೇಕು. ಕಥೆ ಮುಗಿಸಿ "ಇದರಿಂದ ಏನು ಕಲಿತೆವು?" ಅಂತ ಕೇಳಿದರೆ, "ಎಲ್ಲರಿಗೂ ಸಹಾಯ ಮಾಡಬೇಕು" ಅಂತ ಮಕ್ಕಳು ಒಂದೇ ರಾಗದಲ್ಲಿ ಹೇಳುತ್ತಾರೆ. ಅದನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ದೊಡ್ಡವರಿಗೆ ಯಾವ ಉತ್ತರ ಇಷ್ಟ ಅನ್ನುವುದು ಅವರಿಗೆ ಬೇಗ ಗೊತ್ತಾಗುತ್ತದೆ. ನಾನು ನೋಡಿದ್ದು ಬೇರೆ ಎರಡು ವಿಷಯ. ಆಟದ ಹೊತ್ತಿನಲ್ಲಿ ಯಾರೂ ಹೇಳದೆ ಮಕ್ಕಳು ಆ ಕಥೆಯನ್ನು ಮತ್ತೆ ಆಡುತ್ತಾರಾ? ಯಾರಾದರೂ ಬಿದ್ದಾಗ, ಅತ್ತಾಗ ಅವರ ಕೈಕಾಲು ಏನು ಮಾಡುತ್ತವೆ?

ಫ್ಲಾನೆಲ್ ಬೋರ್ಡ್ ಮತ್ತು ಚಿತ್ರದ ಪುಸ್ತಕ

ಫ್ಲಾನೆಲ್ ಬೋರ್ಡ್ ಹಳೆಯ ಸಾಧನ. ಹಲಗೆಗೆ ಫ್ಲಾನೆಲ್ ಬಟ್ಟೆ ಬಿಗಿದಿರುತ್ತಾರೆ. ಕತ್ತರಿಸಿದ ಚಿತ್ರಗಳ ಹಿಂದೆಯೂ ಅದೇ ಥರದ ಬಟ್ಟೆ ಅಂಟಿಸಿರುತ್ತಾರೆ. ಎರಡರ ನವಿರಾದ ಎಳೆಗಳು ಒಂದಕ್ಕೊಂದು ಹಿಡಿದುಕೊಳ್ಳುವುದರಿಂದ ಪಿನ್ನು, ಅಂಟು ಏನೂ ಬೇಡ. ಇದರ ದೊಡ್ಡ ಗುಣ ಅಂದರೆ ಕಥೆ ಮಕ್ಕಳ ಕಣ್ಣೆದುರಿಗೇ ಕಟ್ಟಿಕೊಳ್ಳುತ್ತಾ ಹೋಗುತ್ತದೆ. ಮೊದಲು ಖಾಲಿ ದಾರಿ. ಆಮೇಲೆ ಒಬ್ಬ ಮನುಷ್ಯ. ಆಮೇಲೆ ಬಂಡೆಯ ಹಿಂದೆ ಕಳ್ಳರು. ಮುಂದೆ ಯಾರು ಬರುತ್ತಾರೋ ಅಂತ ಮಕ್ಕಳು ನನ್ನ ಕೈಯಲ್ಲಿರುವ ಲಕೋಟೆಯನ್ನೇ ನೋಡುತ್ತಿರುತ್ತಾರೆ.

ಪುಸ್ತಕದಲ್ಲಿ ಈ ಕುತೂಹಲ ಸ್ವಲ್ಪ ಕಡಿಮೆ, ಯಾಕೆಂದರೆ ಪುಟ ತಿರುಗಿಸಿದ ಕೂಡಲೇ ಇಡೀ ಚಿತ್ರ ಒಟ್ಟಿಗೆ ಕಾಣುತ್ತದೆ. ಗುಂಪು ದೊಡ್ಡದಿದ್ದರೆ ಹಿಂದಿನವರಿಗೆ ಸರಿಯಾಗಿ ಕಾಣುವುದೂ ಇಲ್ಲ. ಆದರೆ ಮನೆಯಲ್ಲಿ ಒಂದು ಮಗು, ಎರಡು ಮಕ್ಕಳನ್ನು ಮಡಿಲಲ್ಲಿ ಕೂರಿಸಿಕೊಂಡು ಓದುವಾಗ ಪುಸ್ತಕಕ್ಕೇ ನನ್ನ ಓಟು. ಮಗು ಬೇಕಾದ ಪುಟದಲ್ಲಿ ನಿಲ್ಲಿಸುತ್ತದೆ, ಬೆರಳಿಟ್ಟು ಕೇಳುತ್ತದೆ, ಹಿಂದಿನ ಪುಟಕ್ಕೆ ಹೋಗುತ್ತದೆ. ಹಾಗೆ ನಿಲ್ಲಿಸಿದ ಕಡೆಯೆಲ್ಲ ಮಾತು ಹುಟ್ಟುತ್ತದೆ. ದಯೆಯ ಬಗ್ಗೆ ನಿಜವಾದ ಮಾತುಕತೆ ನಡೆಯುವುದು ಅಲ್ಲೇ.

ಪುಸ್ತಕ ಆರಿಸುವಾಗ ಒಂದು ವಿಷಯ ನೋಡಿ. ಕೆಲವು ಪುಸ್ತಕಗಳಲ್ಲಿ ಬೈಬಲ್ ಕಥೆಯನ್ನು ಮೊಲ, ಕರಡಿಗಳ ಬಾಯಲ್ಲಿ ಹೇಳಿಸುತ್ತಾರೆ. ಅಂಗಿ ಹಾಕಿಕೊಂಡ ಪ್ರಾಣಿಗಳು ಮುದ್ದಾಗಿರುತ್ತವೆ, ನಿಜ. ಆದರೆ ಟೊರೊಂಟೊ ವಿಶ್ವವಿದ್ಯಾಲಯದ ಸಂಶೋಧಕರು 4ರಿಂದ 6 ವರ್ಷದ ಮಕ್ಕಳಿಗೆ ಹಂಚಿಕೊಳ್ಳುವ ಬಗ್ಗೆ ಒಂದೇ ಕಥೆಯನ್ನು ಎರಡು ರೀತಿಯಲ್ಲಿ ಓದಿ ಹೇಳಿದರು. ಒಂದರಲ್ಲಿ ಮನುಷ್ಯರ ಪಾತ್ರ, ಇನ್ನೊಂದರಲ್ಲಿ ಮನುಷ್ಯರ ಹಾಗೆ ಆಡುವ ಪ್ರಾಣಿಗಳ ಪಾತ್ರ. ಮನುಷ್ಯರ ಕಥೆ ಕೇಳಿದ ಮಕ್ಕಳು ಮೊದಲಿಗಿಂತ ಜಾಸ್ತಿ ಸ್ಟಿಕರ್‌ಗಳನ್ನು ಬೇರೆಯವರಿಗಾಗಿ ಬಿಟ್ಟುಕೊಟ್ಟರು. ಪ್ರಾಣಿಗಳ ಕಥೆ ಕೇಳಿದವರಲ್ಲಿ ಆ ಹೆಚ್ಚಳ ಕಾಣಲಿಲ್ಲ. ನನ್ನ ಕ್ಲಾಸಿನಲ್ಲೂ ಹೀಗೇ ಆಯಿತು. ಕರಡಿ ಸಮಾರ್ಯದವನನ್ನು ನೋಡಿ ಮಕ್ಕಳು ಆಮೇಲೆ ಮಾತಾಡಿದ್ದೆಲ್ಲ ಕರಡಿ ಬಗ್ಗೆ. ಬೈಬಲ್ಲಿನಲ್ಲಿ ಮನುಷ್ಯರೇ ಇರುವಾಗ ಮನುಷ್ಯರನ್ನೇ ತೋರಿಸಿದರೆ ಒಳ್ಳೆಯದು.

ಫ್ಲಾನೆಲ್ ಬೋರ್ಡಿನ ಕೊರತೆ ಏನು? ಚಿತ್ರಗಳು ನನ್ನ ಕೈಯಲ್ಲೇ ಇರುತ್ತವೆ, ಮಕ್ಕಳು ನೋಡುವವರಾಗಿಯೇ ಉಳಿಯುತ್ತಾರೆ. ಇದಕ್ಕೊಂದು ಪರಿಹಾರ ಸಿಕ್ಕಿತು. ಮೊದಲ ಸಲ ನಾನು ಹೇಳುತ್ತೇನೆ. ಎರಡನೇ ಸಲ ಒಬ್ಬೊಬ್ಬರ ಕೈಗೆ ಒಂದೊಂದು ಚಿತ್ರ ಕೊಟ್ಟು, ಅವರವರ ಪಾಲು ಬಂದಾಗ ಎದ್ದು ಬಂದು ಅಂಟಿಸಲಿ ಅನ್ನುತ್ತೇನೆ. ತನ್ನ ಸರದಿಗೆ ಕಾಯುವುದು, ಬೇರೆಯವರ ಸರದಿಯಲ್ಲಿ ಸುಮ್ಮನೆ ಇರುವುದು ಕೂಡ ಈ ವಯಸ್ಸಿಗೆ ದೊಡ್ಡ ಕಲಿಕೆಯೇ.

ವಿಡಿಯೋ

ಇದರ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಮಕ್ಕಳು ಕಣ್ಣು ಮಿಟುಕಿಸದೆ ನೋಡುತ್ತಾರೆ, ಟೀಚರ್‌ಗೆ ಕೆಲಸ ಸುಲಭ, ಹಾಡುಗಳು ಬೇಗ ಬಾಯಿಗೆ ಬರುತ್ತವೆ. ಆದರೆ ನನ್ನ ಅಳತೆಯಲ್ಲಿ ಇದು ಎಲ್ಲಕ್ಕಿಂತ ಹಿಂದೆ ಉಳಿಯಿತು. ವಿಡಿಯೋ ನಿಲ್ಲುವುದಿಲ್ಲ. ಯಾಜಕ ಗಾಯಗೊಂಡವನನ್ನು ದಾಟಿ ಹೋಗುವ ಕ್ಷಣದಲ್ಲಿ ಮಗುವಿನ ಮುಖ ಬಾಡುತ್ತದೆ. ಅಲ್ಲಿ ನಿಂತು "ಏನನ್ನಿಸ್ತು ಪುಟ್ಟಾ?" ಅಂತ ಕೇಳಬೇಕು. ಅಷ್ಟರಲ್ಲಿ ಪರದೆಯ ಮೇಲೆ ಕತ್ತೆ ಕುಣಿಯುತ್ತಾ ಬಂದಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಸಲಹೆಯಂತೆ 3ರಿಂದ 4 ವರ್ಷದ ಮಕ್ಕಳು ಕೂತು ಪರದೆ ನೋಡುವ ಹೊತ್ತು ದಿನಕ್ಕೆ ಒಂದು ಗಂಟೆ ದಾಟಬಾರದು, ಕಡಿಮೆ ಇದ್ದಷ್ಟೂ ಒಳ್ಳೆಯದು. ಆ ಹೊತ್ತು ಬೇರೆ ಕಡೆ ಖರ್ಚಾಗಿರುತ್ತದೆ. ಸಂಡೇ ಸ್ಕೂಲ್‌ನಲ್ಲೂ ಪರದೆ ಬೇಡ ಅನ್ನುವುದು ನನ್ನ ಅಭಿಪ್ರಾಯ. ಮಗು ಜ್ವರದಿಂದ ಮಲಗಿದ್ದಾಗ, ದೂರದ ಪ್ರಯಾಣದಲ್ಲಿ, ಅಪ್ಪ ಅಮ್ಮ ಪಕ್ಕದಲ್ಲೇ ಕೂತು ನಡುನಡುವೆ ನಿಲ್ಲಿಸಿ ಮಾತಾಡುತ್ತಾ ನೋಡಿದರೆ ಪರವಾಗಿಲ್ಲ.

ನಾಟಕ

ನಾಟಕ ಅಂದರೆ ವೇದಿಕೆ, ಬಾಯಿಪಾಠದ ಮಾತು, ನೋಡುವುದಕ್ಕೆ ಜನ, ಇವು ಯಾವುದೂ ಅಲ್ಲ. ನಾನು ಕಥೆ ಹೇಳುತ್ತಿರುತ್ತೇನೆ, ಮಕ್ಕಳು ಆ ಕೆಲಸವನ್ನು ಮಾಡುತ್ತಿರುತ್ತಾರೆ, ಅಷ್ಟೇ. ಬೇಕಾದ ಸಾಮಾನೂ ಕಡಿಮೆ. ಹಳೆಯ ಬಟ್ಟೆಯನ್ನು ಉದ್ದುದ್ದಕ್ಕೆ ಹರಿದ ಪಟ್ಟಿಗಳು, ಒಂದು ಖಾಲಿ ಬಾಟಲಿ (ಎಣ್ಣೆಯ ಬದಲು), ಛತ್ರಕ್ಕೆ ಮೂಲೆಯಲ್ಲಿ ಹಾಸಿದ ಒಂದು ಚಾಪೆ, ಎರಡು ಗುಂಡಿ ನಾಣ್ಯದ ಬದಲಿಗೆ.

ಇದರಲ್ಲಿ ನೋಡಲೇಬೇಕಾದ್ದು ಬಟ್ಟೆ ಕಟ್ಟುವ ಭಾಗ. ನಾಲ್ಕು ವರ್ಷದ ಹುಡುಗನೊಬ್ಬ ಎಲ್ಲದರಲ್ಲೂ ಅವಸರ ಮಾಡುವವನು. ಅವನು ಸಮಾರ್ಯದವನಾದ ದಿನ, ಮಲಗಿದ್ದ ಹುಡುಗಿಯ ಮೊಣಕೈಗೆ ಪಟ್ಟಿ ಸುತ್ತಲು ಶುರುಮಾಡಿದ. ಒಂದು ಸುತ್ತು ಹಾಕುವಷ್ಟರಲ್ಲಿ ಜಾರಿತು. ಮತ್ತೆ ಸುತ್ತಿದ, ಬಿಗಿಯಾಯಿತು. ಅವಳು "ನೋವಾಗುತ್ತೆ" ಅಂದಳು. ಅವನು ಕೂಡಲೇ ಬಿಚ್ಚಿ, ಬಾಯಲ್ಲಿ ಉಫ್ ಅಂತ ಊದಿ, ಸಡಿಲವಾಗಿ ಸುತ್ತಿ, ತುದಿಯನ್ನು ಒಳಗೆ ಸಿಕ್ಕಿಸಿದ. ಆಮೇಲೆ ಅವಳ ಮುಖ ನೋಡಿ "ಈಗ?" ಅಂತ ಕೇಳಿದ. ಊದಬೇಕು ಅಂತ ಕಥೆಯಲ್ಲಿ ಎಲ್ಲೂ ಇಲ್ಲ. ಅದು ಅವನಿಗೆ ತಾನೇ ತೋಚಿತು. ಇನ್ನೊಬ್ಬರ ನೋವನ್ನು ಕೇಳಿ ತನ್ನ ಕೈಯನ್ನು ಬದಲಾಯಿಸಿಕೊಳ್ಳುವುದು, ದಯೆ ಅಂದರೆ ಇದೇ ತಾನೆ? ಫ್ಲಾನೆಲ್ ಬೋರ್ಡಿನ ಮುಂದೆ ಎಷ್ಟೇ ಸಲ ಕೂರಿಸಿದ್ದರೂ ಅವನಿಗೆ ಈ ಅವಕಾಶ ಸಿಗುತ್ತಿರಲಿಲ್ಲ.

ಗಾಯಗೊಂಡವನ ಪಾತ್ರವೂ ಅಷ್ಟೇ ಮುಖ್ಯ. ಸುಮ್ಮನೆ ಮಲಗಿ, ಗೆಳೆಯರು ದಾಟಿ ಹೋಗುವುದನ್ನು ನೋಡಬೇಕು. "ನನ್ನನ್ನ ಬಿಟ್ಟು ಹೋದ್ರು ಟೀಚರ್" ಅಂತ ಒಂದು ಮಗು ನಿಜವಾಗಿಯೇ ಬೇಜಾರಿನಿಂದ ಹೇಳಿತು. ಅದಕ್ಕೇ ನಾನು ಎಲ್ಲರಿಗೂ ಒಂದೊಂದು ಸಲ ಆ ಜಾಗದಲ್ಲಿ ಮಲಗುವ ಅವಕಾಶ ಕೊಡುತ್ತೇನೆ. ಆದರೆ ಯಾರನ್ನೂ ಒತ್ತಾಯ ಮಾಡುವುದಿಲ್ಲ.

ತೊಂದರೆಗಳೂ ಇವೆ. ಎಲ್ಲರಿಗೂ ಕಳ್ಳರಾಗುವ ಆಸೆ. ಹೊಡೆದಾಟದ ಭಾಗ ಶುರುವಾದರೆ ಕಥೆ ಅಲ್ಲೇ ನಿಂತುಬಿಡುತ್ತದೆ. ಹಾಗಾಗಿ ಕಳ್ಳರನ್ನು ನಾನು ಆಡಿಸುವುದೇ ಇಲ್ಲ. "ಕಳ್ಳರು ಬಂದರು, ಹೊಡೆದರು, ಓಡಿದರು" ಅಂತ ಮಾತಿನಲ್ಲಿ ದಾಟಿಸಿ, ಪ್ರಯಾಣಿಕ ಮಲಗಿರುವಲ್ಲಿಂದಲೇ ಆಟ ಶುರುಮಾಡುತ್ತೇನೆ. ಇನ್ನೊಂದು, ಗುಂಪು ದೊಡ್ಡದಾದರೆ ಒಬ್ಬರೇ ಟೀಚರ್‌ಗೆ ಸಂಭಾಳಿಸುವುದು ಕಷ್ಟ. ನಾಚಿಕೆ ಸ್ವಭಾವದ ಮಕ್ಕಳು ಗೋಡೆಗೆ ಅಂಟಿಕೊಂಡು ನಿಲ್ಲುತ್ತಾರೆ. ಅವರಿಗೆ ಮುಂದಿನ ದಾರಿ ಇದಕ್ಕಿಂತ ಒಳ್ಳೆಯದು.

ಮರಳ ಪೆಟ್ಟಿಗೆ, ಪುಟ್ಟ ಗೊಂಬೆಗಳು

1954ರಲ್ಲಿ ರೋಮಿನಲ್ಲಿ ಬೈಬಲ್ ವಿದ್ವಾಂಸೆ ಸೋಫಿಯಾ ಕವಲೆಟ್ಟಿ ಮತ್ತು ಮೊಂಟೆಸರಿ ಶಿಕ್ಷಕಿ ಜಿಯಾನ್ನಾ ಗೊಬ್ಬಿ ಸೇರಿ ಪುಟ್ಟ ಮಕ್ಕಳಿಗೆ ಬೈಬಲ್ ಪರಿಚಯಿಸುವ ಒಂದು ಹೊಸ ಪದ್ಧತಿ ಶುರುಮಾಡಿದರು. ಮರದ ಪುಟ್ಟ ಆಕೃತಿಗಳನ್ನು ನಿಧಾನವಾಗಿ ಸರಿಸುತ್ತಾ, ಕಡಿಮೆ ಮಾತಿನಲ್ಲಿ ಕಥೆ ಹೇಳುವುದು, ಆಮೇಲೆ ಅದೇ ಆಕೃತಿಗಳನ್ನು ಮಗುವಿನ ಕೈಗೆ ಬಿಟ್ಟುಕೊಡುವುದು, ಇದು ಅದರ ತಿರುಳು. ಇದೇ ಬೇರಿನಿಂದ ಅಮೆರಿಕದ ಜೆರೋಮ್ ಬೆರಿಮನ್ 'ಗಾಡ್ಲಿ ಪ್ಲೇ' ಅನ್ನುವ ಪದ್ಧತಿ ಬೆಳೆಸಿದರು. ಅದರಲ್ಲಿ ಕಥೆ ಮುಗಿದ ಮೇಲೆ ಪರೀಕ್ಷೆಯ ಪ್ರಶ್ನೆ ಇಲ್ಲ. "ಈ ಕಥೆಯಲ್ಲಿ ನಿನಗೆ ಯಾವ ಭಾಗ ಇಷ್ಟ ಆಯಿತೋ?", "ಇದರಲ್ಲಿ ನೀನು ಎಲ್ಲಿದ್ದೀಯೋ?" ಅಂತ ಮೆಲ್ಲಗೆ ಕೇಳಿ ಸುಮ್ಮನಿರುತ್ತಾರೆ. ಯಾವ ಉತ್ತರವೂ ತಪ್ಪಲ್ಲ.

ನನ್ನ ಪೆಟ್ಟಿಗೆ ಸಾದಾ ರಟ್ಟಿನದು. ತಳದಲ್ಲಿ ಜರಡಿ ಹಿಡಿದ ಮರಳು, ಬಟ್ಟೆ ಸುತ್ತಿದ ಮರದ ತುಂಡುಗಳು, ನಾಲ್ಕಾರು ಕಲ್ಲು. ಇಷ್ಟರಲ್ಲೇ ಸಮಾರ್ಯದವನ ದಾರಿಯೂ ಆಗುತ್ತದೆ, ಕಳೆದುಹೋದ ಕುರಿಯ ಬೆಟ್ಟವೂ ಆಗುತ್ತದೆ.

ನಾಟಕದಲ್ಲಿ ಬಾಯಿಬಿಡದ ಒಂದು ಹುಡುಗಿ ಇಲ್ಲಿ ಯಾಜಕನ ತುಂಡನ್ನು ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದಳು. "ಇವನು ಯಾಕೆ ನಿಲ್ಲಲಿಲ್ಲವೋ" ಅಂದೆ. "ಕಳ್ಳರು ಇನ್ನೂ ಅಲ್ಲೇ ಇದ್ರೆ ಅಂತ ಭಯ ಆಗಿರುತ್ತೆ" ಅಂದಳು. ಎಂಥ ಮಾತು! ಒಳ್ಳೆಯವರು, ಕೆಟ್ಟವರು ಅಂತ ಎರಡೇ ಗುಂಪು ಮಾಡುವ ವಯಸ್ಸಿನಲ್ಲಿ ಆ ಮಗು ಯಾಜಕನ ಎದೆಯೊಳಗೆ ಇಣುಕಿತ್ತು. ಆಮೇಲೆ ಅವಳೇ ಸಮಾರ್ಯದವನ ತುಂಡನ್ನು ಎತ್ತಿ "ಇವನಿಗೂ ಭಯ. ಆದ್ರೂ ಬಂದ" ಅಂದಳು. ನಾನು ಅದಕ್ಕೆ ಒಂದು ಮಾತೂ ಸೇರಿಸಲಿಲ್ಲ.

ನಾಟಕಕ್ಕೂ ಇದಕ್ಕೂ ಹೋಲಿಸಿದರೆ, ಮಾಡುವ ಗುಣವನ್ನು ನಾಟಕ ಕಲಿಸುತ್ತದೆ, ಯೋಚಿಸುವ ಗುಣವನ್ನು ಪೆಟ್ಟಿಗೆ ಕಲಿಸುತ್ತದೆ. ಪೆಟ್ಟಿಗೆಗೆ ನಿಶ್ಶಬ್ದ ಬೇಕು, ಪುಟ್ಟ ಗುಂಪು ಬೇಕು, ದೊಡ್ಡವರಿಗೆ ಬಾಯಿ ಮುಚ್ಚಿಕೊಂಡಿರುವ ತಾಳ್ಮೆ ಬೇಕು. ಮೂರು ತುಂಬದ ಮಕ್ಕಳಿಗೆ ಇದು ಒಗ್ಗುವುದಿಲ್ಲ, ಅವರಿಗೆ ಮರಳೇ ಆಟ. ನಾಲ್ಕೂವರೆ ದಾಟಿದವರಿಗೆ ತುಂಬಾ ಚೆನ್ನ.

ಕ್ರಾಫ್ಟ್, ಹಾಡು

ಬಣ್ಣ ತುಂಬುವ ಹಾಳೆಯಲ್ಲಿ ಗುಣ ಕಲಿಸುವ ಶಕ್ತಿ ಅಷ್ಟಾಗಿ ಇಲ್ಲ. ಬೆರಳಿಗೆ ಒಳ್ಳೆಯ ಅಭ್ಯಾಸ, ಕ್ಲಾಸಿನ ಕೊನೆಯ ಹತ್ತು ನಿಮಿಷಕ್ಕೆ ನೆಮ್ಮದಿ, ಅಷ್ಟೇ. ಆದರೆ ಕ್ರಾಫ್ಟ್‌ನಲ್ಲೂ ಎರಡು ಥರ ಇದೆ. ಮನೆಗೆ ತೆಗೆದುಕೊಂಡು ಹೋಗಿ ತೋರಿಸುವುದು ಒಂದು, ಬೇರೆಯವರಿಗೆ ಕೊಡುವುದಕ್ಕೆಂದೇ ಮಾಡುವುದು ಇನ್ನೊಂದು. ಎರಡನೆಯದನ್ನು ಬಿಡಬೇಡಿ. ಹುಷಾರಿಲ್ಲದೆ ಬಾರದ ಗೆಳೆಯನಿಗೆ ಒಂದು ಕಾರ್ಡ್, ವಯಸ್ಸಾದ ಯಾರಿಗಾದರೂ ಒಂದು ಕಾಗದದ ಹೂವು. ಮಗು ತಾನು ಕಷ್ಟಪಟ್ಟು ಮಾಡಿದ್ದನ್ನು ಕೊಡುವಾಗ ಒಂದು ಗಳಿಗೆ ಕೈ ಹಿಂದೆ ಎಳೆಯುತ್ತದೆ. ಆ ಗಳಿಗೆ ದಾಟಿ ಕೊಡುವುದೇ ಪಾಠ. ಆ ಹೊತ್ತಿನಲ್ಲಿ "ಕೊಡು, ಕೊಡು" ಅಂತ ದೊಡ್ಡವರು ಅವಸರ ಮಾಡಬಾರದು. ಕೊಡಲು ಮನಸ್ಸಾಗದಿದ್ದರೆ ಇನ್ನೊಂದು ಮಾಡಲು ಕಾಗದ ಕೊಟ್ಟರಾಯಿತು.

ಹಾಡು, ಅಭಿನಯಗೀತೆ ಎಲ್ಲದರ ಜೊತೆಗೂ ಹೊಂದಿಕೊಳ್ಳುತ್ತದೆ. ಬೇರೆಯದಕ್ಕೆ ಎದುರಾಳಿ ಅಂತ ಅದನ್ನು ನಿಲ್ಲಿಸಬೇಕಿಲ್ಲ. ಬಾಯಿಪಾಠದ ವಚನವೂ ಹಾಗೆಯೇ. ಎಫೆಸ 4:32ರ ಮೊದಲ ಭಾಗದಂಥ ಪುಟ್ಟ ಮಾತು, ಒಬ್ಬರಿಗೊಬ್ಬರು ದಯೆ ತೋರಿಸಿ ಅನ್ನುವಷ್ಟು, ಈ ವಯಸ್ಸಿಗೆ ಧಾರಾಳ ಸಾಕು. ನಾಟಕ ಆಡಿದ ಮೇಲೆ ಹೇಳಿಕೊಟ್ಟರೆ ಅದಕ್ಕೆ ಅರ್ಥ ಬರುತ್ತದೆ.

ಸ್ಟಿಕರ್ ಚಾರ್ಟ್ ಬೇಡ

ಒಳ್ಳೆಯ ಕೆಲಸ ಮಾಡಿದರೆ ಒಂದು ನಕ್ಷತ್ರ, ಹತ್ತು ನಕ್ಷತ್ರಕ್ಕೆ ಒಂದು ಬಹುಮಾನ. ಇದನ್ನು ಇಷ್ಟಪಡುವ ಟೀಚರ್‌ಗಳು ತುಂಬಾ ಜನ ಇದ್ದಾರೆ, ಮೊದಲ ಕೆಲವು ವಾರ ಕ್ಲಾಸ್ ನಿಜಕ್ಕೂ ಚೆನ್ನಾಗಿ ನಡೆಯುತ್ತದೆ. ಆದರೂ ದಯೆಯಂಥ ಗುಣಕ್ಕೆ ಇದು ಸಲ್ಲದು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ.

1973ರಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಅನ್ನುವ ಮೂವರು ಮನಶ್ಶಾಸ್ತ್ರಜ್ಞರು ನರ್ಸರಿ ಮಕ್ಕಳ ಜೊತೆ ಒಂದು ಪ್ರಯೋಗ ಮಾಡಿದರು. ಬಣ್ಣದ ಪೆನ್ನಿನಲ್ಲಿ ಚಿತ್ರ ಬಿಡಿಸುವುದನ್ನು ಆಗಲೇ ಇಷ್ಟಪಡುತ್ತಿದ್ದ ಮಕ್ಕಳು ಅವರು. ಬಿಡಿಸಿದರೆ ಬಹುಮಾನ ಸಿಗುತ್ತದೆ ಅಂತ ಕೆಲವರಿಗೆ ಮೊದಲೇ ಹೇಳಿದರು. ಆಮೇಲೆ ತಮ್ಮ ಪಾಡಿಗೆ ಆಡುವ ಹೊತ್ತಿನಲ್ಲಿ, ಹಾಗೆ ಹೇಳಿಸಿಕೊಂಡ ಮಕ್ಕಳು ಉಳಿದವರಿಗಿಂತ ಕಡಿಮೆ ಹೊತ್ತು ಚಿತ್ರ ಬಿಡಿಸಿದರು. ಹೇಳದೆ ಕೊನೆಯಲ್ಲಿ ಬಹುಮಾನ ಪಡೆದವರಲ್ಲಿ ಈ ಇಳಿಕೆ ಆಗಲಿಲ್ಲ. ಸಹಾಯ ಮಾಡುವ ವಿಷಯದಲ್ಲೂ ಇದೇ ಫಲಿತಾಂಶ ಸಿಕ್ಕಿದೆ. 2008ರಲ್ಲಿ ಪ್ರಕಟವಾದ ವಾರ್ನೆಕೆನ್, ಟೊಮಾಸೆಲ್ಲೊ ಅವರ ಅಧ್ಯಯನದಲ್ಲಿ, ಸಹಾಯ ಮಾಡಿದ್ದಕ್ಕೆ ಆಟಿಕೆ ಪಡೆದ 20 ತಿಂಗಳ ಮಕ್ಕಳು ಮುಂದೆ ಸಹಾಯ ಮಾಡಿದ್ದು ಕಡಿಮೆ. ಏನೂ ಪಡೆಯದವರು ಮತ್ತು ಬರೀ ಹೊಗಳಿಕೆ ಪಡೆದವರು ಮೊದಲಿನಂತೆಯೇ ಮುಂದುವರಿಸಿದರು.

ಕ್ಲಾಸಿನಲ್ಲಿ ಕಂಡಿದ್ದೂ ಹಾಗೇ. ಚಾರ್ಟ್ ಇದ್ದಾಗ ಬಿದ್ದ ಗೆಳೆಯನನ್ನು ಎತ್ತುವ ಮಗು ಮೊದಲು ನನ್ನ ಕಡೆ ನೋಡುತ್ತಿತ್ತು. ಚಾರ್ಟ್ ತೆಗೆದ ಮೇಲೆ ಬಿದ್ದವನ ಕಡೆ ನೋಡತೊಡಗಿತು. ಮಾತಿನಲ್ಲಿ ಹೇಳಿದರೆ ಸಾಕು, ಅದೂ ನಡೆದಿದ್ದನ್ನು ನಡೆದ ಹಾಗೆ: "ನೀನು ನೀರು ತಂದುಕೊಟ್ಟೆ, ನೋಡು, ಅವನು ಅಳು ನಿಲ್ಲಿಸಿದ." ಸಮಾರ್ಯದವನಿಗೂ ಯಾರೂ ನಕ್ಷತ್ರ ಕೊಡಲಿಲ್ಲ, ಅವನೇ ಎರಡು ನಾಣ್ಯ ಕೊಟ್ಟ.

ಯಾವ ಗುಣಕ್ಕೆ ಯಾವ ಕಥೆ?

ದಾರಿ ಎಷ್ಟೇ ಚೆನ್ನಾಗಿದ್ದರೂ ಕಥೆ ವಯಸ್ಸಿಗೆ ಹೊಂದದಿದ್ದರೆ ಕೆಲಸ ಕೆಡುತ್ತದೆ. ಹಾಗಾಗಿ ಕಥೆಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದೆ.

ಹಂಚಿಕೊಳ್ಳುವುದಕ್ಕೆ ಎರಡು ಕಥೆ ಮುಂದೆ ಬರುತ್ತವೆ. ಮಾರ್ಕ 12ರಲ್ಲಿ ಕಾಣಿಕೆ ಪೆಟ್ಟಿಗೆಗೆ ತನ್ನ ಬಳಿ ಇದ್ದ ಎರಡೇ ಕಾಸು ಹಾಕಿ, ಎಲ್ಲರಿಗಿಂತ ಜಾಸ್ತಿ ಕೊಟ್ಟವಳು ಅಂತ ಯೇಸುವಿನಿಂದ ಅನ್ನಿಸಿಕೊಂಡ ಬಡ ವಿಧವೆಯದು ಒಂದು, ಯೋಹಾನ 6ರಲ್ಲಿ ಐದು ರೊಟ್ಟಿ ಎರಡು ಮೀನು ಇಟ್ಟುಕೊಂಡಿದ್ದ ಹುಡುಗನದು ಇನ್ನೊಂದು. ವಿಧವೆಯ ಕಥೆ ನನಗೆ ತುಂಬಾ ಇಷ್ಟ. ಆದರೆ "ಯಾರು ಜಾಸ್ತಿ ಕೊಟ್ಟರು?" ಅಂತ ಕೇಳಿದರೆ ಪುಟಾಣಿಗಳು ಶ್ರೀಮಂತರನ್ನೇ ತೋರಿಸುತ್ತಾರೆ. ಅದು ಅವರ ವಯಸ್ಸಿನ ಸ್ವಭಾವ. ಈ ವಯಸ್ಸಿನವರು ಮನಸ್ಸಿಗಿಂತ ಕಣ್ಣಿಗೆ ಕಾಣುವ ಪ್ರಮಾಣವನ್ನು ನೋಡುತ್ತಾರೆ ಅಂತ ಮಕ್ಕಳ ಮನಶ್ಶಾಸ್ತ್ರಜ್ಞ ಪಿಯಾಜೆ 1932ರಷ್ಟು ಹಿಂದೆಯೇ ತೋರಿಸಿದ್ದರು. ಗೊತ್ತಿಲ್ಲದೆ 15 ಬಟ್ಟಲು ಒಡೆದ ಹುಡುಗನನ್ನೇ, ಕದಿಯಲು ಹೋಗಿ ಒಂದು ಬಟ್ಟಲು ಒಡೆದವನಿಗಿಂತ ಹೆಚ್ಚು ತುಂಟ ಅಂತ ಚಿಕ್ಕ ಮಕ್ಕಳು ಅವರಿಗೆ ಹೇಳಿದ್ದರಂತೆ. ಆದ್ದರಿಂದ ರೊಟ್ಟಿ ಮೀನಿನ ಕಥೆಯೇ ಸರಿ. ಈ ಅದ್ಭುತ ಯೇಸುವಿನ ಜೀವನ ಹೇಳುವ ನಾಲ್ಕೂ ಸುವಾರ್ತೆಗಳಲ್ಲಿ ಇದೆ, ಆದರೆ ಹುಡುಗ ಬರುವುದು ಯೋಹಾನನಲ್ಲಿ ಮಾತ್ರ. ಅದನ್ನೇ ಹೇಳಿ. ತಮ್ಮಂಥ ಪುಟ್ಟವನ ಬುತ್ತಿಯಿಂದ ಸಾವಿರಾರು ಜನ ಉಂಡು, ಹನ್ನೆರಡು ಬುಟ್ಟಿ ಉಳಿಯಿತು ಅಂದರೆ ಅವರ ಕಣ್ಣು ಅರಳುತ್ತದೆ.

ಪ್ರಾಮಾಣಿಕತೆಗೆ ಜಕ್ಕಾಯ. ಸುಳ್ಳು ಹೇಳಿ ಬಿದ್ದು ಸತ್ತ ಅನನೀಯ, ಸಪ್ಫೈರರ ಕಥೆ ಈ ವಯಸ್ಸಿಗೆ ಬೇಡವೇ ಬೇಡ. ಭಯ ಒಂದೇ ಕಾರಣವಲ್ಲ. 2014ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 3ರಿಂದ 7 ವರ್ಷದ ಮಕ್ಕಳಿಗೆ ಬೇರೆ ಬೇರೆ ನೀತಿಕಥೆ ಹೇಳಿ, ಆಮೇಲೆ ಅವರು ನಿಜ ಒಪ್ಪಿಕೊಳ್ಳುತ್ತಾರಾ ಅಂತ ನೋಡಿದರು. ಸುಳ್ಳಿಗೆ ಶಿಕ್ಷೆ ಸಿಗುವ ಕಥೆಗಳು, ತೋಳ ಬಂತು ತೋಳ ಅನ್ನುವ ಹುಡುಗನ ಕಥೆಯೂ ಸೇರಿ, ಪರಿಣಾಮ ಬೀರಲಿಲ್ಲ. ನಿಜ ಹೇಳಿದ್ದಕ್ಕೆ ಮೆಚ್ಚುಗೆ ಸಿಗುವ ಕಥೆ ಕೇಳಿದ ಮಕ್ಕಳು ಜಾಸ್ತಿ ನಿಜ ಹೇಳಿದರು. ಜಕ್ಕಾಯನ ಕಥೆ ಇರುವುದೇ ಹಾಗೆ. ಮೋಸ ಮಾಡಿದ ಸುಂಕದವನು ಮರ ಹತ್ತುತ್ತಾನೆ, ಯೇಸು ಹೆಸರು ಹಿಡಿದು ಕರೆಯುತ್ತಾನೆ, ಅವನ ಮನೆಗೇ ಬರುತ್ತೇನೆ ಅನ್ನುತ್ತಾನೆ. ಆ ಪ್ರೀತಿ ಸಿಕ್ಕ ಮೇಲೆ ಜಕ್ಕಾಯ ಮೋಸದಿಂದ ತೆಗೆದುಕೊಂಡಿದ್ದರ ನಾಲ್ಕರಷ್ಟು ಹಿಂದೆ ಕೊಡುತ್ತೇನೆ ಅನ್ನುತ್ತಾನೆ. ಕುರ್ಚಿಯೇ ಮರ. ಒಂದೊಂದು ಗುಂಡಿಗೆ ನಾಲ್ಕು ಗುಂಡಿ ಹಿಂದೆ ಎಣಿಸಿಕೊಡುವ ಆಟವೂ ಆಗುತ್ತದೆ.

ಕ್ಷಮೆಗೆ ಯೋಸೇಫನಿಗಿಂತ ತಪ್ಪಿಹೋದ ಮಗನ ಕಥೆ ಮೇಲು. ಯೋಸೇಫನದು ಉದ್ದದ ಕಥೆ, ಅಣ್ಣಂದಿರು ಅವನನ್ನು ಹೊಂಡಕ್ಕೆ ಹಾಕಿದ ಜಾಗದಲ್ಲೇ ಮಕ್ಕಳು ಸಿಕ್ಕಿಕೊಳ್ಳುತ್ತಾರೆ. ಲೂಕ 15ರಲ್ಲಿ ಆಸ್ತಿಯ ಪಾಲನ್ನು ಹಾಳುಮಾಡಿ ಮನೆಗೆ ಮರಳುವ ಮಗ ಇನ್ನೂ ದೂರದಲ್ಲಿರುವಾಗಲೇ ಅಪ್ಪ ಓಡಿ ಬಂದು ತಬ್ಬಿಕೊಳ್ಳುತ್ತಾನೆ. ಓಡುವುದು, ತಬ್ಬಿಕೊಳ್ಳುವುದು, ಇವೆರಡೂ ಪುಟಾಣಿಗಳಿಗೆ ಹೇಳಿಕೊಡಬೇಕಾಗಿಯೇ ಇಲ್ಲ. ಮನೆಯಲ್ಲಿ ತಮ್ಮ ತಂಗಿ ಇರುವ ಮಕ್ಕಳಿಗೆ, ತಮ್ಮನಿಗೆ ಸಿಕ್ಕ ಆ ಸ್ವಾಗತ ಕಂಡು ದೊಡ್ಡ ಮಗನಿಗೆ ಬಂದ ಸಿಟ್ಟೂ ಚೆನ್ನಾಗಿ ಅರ್ಥವಾಗುತ್ತದೆ. ಆ ಭಾಗವನ್ನು ಕತ್ತರಿಸಬೇಡಿ.

ಧೈರ್ಯಕ್ಕೆ ಎಲ್ಲರೂ ದಾವೀದ, ಗೊಲ್ಯಾತರ ಕಥೆಯನ್ನೇ ಎತ್ತಿಕೊಳ್ಳುತ್ತಾರೆ. ಹೇಳಿ, ಆದರೆ ಆಡಿಸಬೇಡಿ. ಕವಣೆ ಕಲ್ಲಿನ ಬದಲು ಕಾಗದದ ಉಂಡೆ ಕೊಟ್ಟ ಮೇಲೆ ಅದು ಧೈರ್ಯದ ಪಾಠವಾಗಿ ಉಳಿಯುವುದಿಲ್ಲ. ಇದರ ಬದಲಿಗೆ ಮಾರ್ಕ 2ರಲ್ಲಿ ಚಾವಣಿ ಬಿಚ್ಚಿ, ನಡೆಯಲಾರದ ಗೆಳೆಯನನ್ನು ಯೇಸುವಿನ ಮುಂದೆ ಕೆಳಗಿಳಿಸಿದ ನಾಲ್ವರ ಕಥೆ ತೆಗೆದುಕೊಳ್ಳಿ. ಒಂದು ಬೆಡ್‌ಶೀಟಿನ ನಾಲ್ಕು ಮೂಲೆಗೆ ನಾಲ್ಕು ಮಕ್ಕಳು, ನಡುವೆ ಒಂದು ಗೊಂಬೆ. ಕೋಣೆಯ ಈ ತುದಿಯಿಂದ ಆ ತುದಿಗೆ ಹೋಗಬೇಕು. ಒಬ್ಬ ಅವಸರ ಮಾಡಿದರೆ ಗೊಂಬೆ ಉರುಳುತ್ತದೆ. ಸ್ವಲ್ಪ ಹೊತ್ತಿಗೆ ಅವರೇ "ಮೆಲ್ಲಗೆ, ಮೆಲ್ಲಗೆ" ಅಂತ ಒಬ್ಬರಿಗೊಬ್ಬರು ಹೇಳಿಕೊಳ್ಳತೊಡಗುತ್ತಾರೆ. ಒಟ್ಟಾಗಿ ಮಾಡುವುದನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಆಟ ನನಗೆ ಇನ್ನೂ ಸಿಕ್ಕಿಲ್ಲ.

ಕೃತಜ್ಞತೆಗೆ ಲೂಕ 17ರ ಹತ್ತು ಕುಷ್ಠರೋಗಿಗಳು, ಯೇಸು ಹತ್ತೂ ಜನರನ್ನು ವಾಸಿ ಮಾಡಿದರೂ ಕೃತಜ್ಞತೆ ಹೇಳಲು ಮರಳಿದ್ದು ಒಬ್ಬನೇ. ಹತ್ತು ಬೆರಳು ಮಡಚಿ, ಒಂದನ್ನು ಮಾತ್ರ ವಾಪಸ್ ಕರೆತಂದರೆ ಕಥೆ ಮುಗಿಯಿತು. ನೋಹನ ಜಲಪ್ರಳಯದ ಕಥೆಗೆ ಪ್ರಾಣಿಗಳ ಆಟ ಸೊಗಸಾಗಿದೆ, ಆದರೆ "ಉಳಿದವರೆಲ್ಲ ಏನಾದರು?" ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಅದಕ್ಕೆ ಮೆತ್ತಗಿನ, ನಿಜವಾದ ಉತ್ತರ ಮೊದಲೇ ಯೋಚಿಸಿಕೊಂಡಿದ್ದರೆ ಮಾತ್ರ ಶುರುಮಾಡಿ.

ಹಾಗಾದರೆ ಯಾವುದನ್ನು ಹಿಡಿಯಬೇಕು?

ಒಂದನ್ನೇ ಆರಿಸು ಅಂದರೆ ನಾನು ನಾಟಕವನ್ನು ಆರಿಸುತ್ತೇನೆ. ಆಟದ ಹೊತ್ತಿನಲ್ಲಿ ಮಕ್ಕಳು ತಾವಾಗಿಯೇ ಮತ್ತೆ ಆಡಿದ್ದು ನಾಟಕದಲ್ಲಿ ಮಾಡಿದ ಕಥೆಗಳನ್ನೇ. ಬಟ್ಟೆ ಪಟ್ಟಿಗಳ ಬುಟ್ಟಿಯನ್ನು ಈಗ ಮೂಲೆಯಲ್ಲಿ ತೆರೆದೇ ಇಡುತ್ತೇನೆ, ಗೊಂಬೆಗಳ ಕೈಕಾಲಿಗೆಲ್ಲ ಬ್ಯಾಂಡೇಜ್ ಬೀಳುತ್ತಿರುತ್ತದೆ. ಎರಡನೇ ಸ್ಥಾನ ಮರಳ ಪೆಟ್ಟಿಗೆಗೆ, ಅದರ ಹಿಂದೆಯೇ ಫ್ಲಾನೆಲ್ ಬೋರ್ಡ್.

ಆದರೆ ಅರ್ಧ ಗಂಟೆಯ ಕ್ಲಾಸಿನಲ್ಲಿ ಒಂದನ್ನೇ ಹಿಡಿಯಬೇಕಾದ ಅಗತ್ಯ ಏನಿದೆ? ಬೋರ್ಡ್ ಮೇಲೆ ಐದು ನಿಮಿಷದಲ್ಲಿ ಕಥೆ ಹೇಳಿ. ಬರೀ ಕೂತು ಕೇಳುವುದಕ್ಕೆ ಅಷ್ಟು ಸಾಕು. ಹತ್ತು ಹದಿನೈದು ನಿಮಿಷ ಅದನ್ನೇ ಆಡಿಸಿ. ಉಳಿದ ಹೊತ್ತಿನಲ್ಲಿ ಕೆಲವರು ಪೆಟ್ಟಿಗೆಯ ಹತ್ತಿರ, ಕೆಲವರು ಯಾರಿಗಾದರೂ ಕೊಡುವ ಕಾರ್ಡಿನ ಹತ್ತಿರ ಕೂರಲಿ. ಮುಂದಿನ ವಾರ ಹೊಸ ಕಥೆಗೆ ಹಾರಬೇಡಿ, ಅದೇ ಕಥೆ ಮತ್ತೆ ಬರಲಿ. ದೊಡ್ಡವರಿಗೆ ಬೇಸರ ಬರುವಷ್ಟು ಸಲ ಕೇಳಿದರೂ ಈ ವಯಸ್ಸಿನವರು "ಇನ್ನೊಂದು ಸಲ" ಅನ್ನುತ್ತಾರೆ. ಎರಡನೇ ವಾರ ನಾಚಿಕೆ ಸ್ವಭಾವದ ಮಗು ಗೋಡೆ ಬಿಟ್ಟು ಒಂದು ಹೆಜ್ಜೆ ಮುಂದೆ ಬರುತ್ತದೆ, ಮೂರನೇ ವಾರ ಕತ್ತೆಯಾಗಲು ಒಪ್ಪುತ್ತದೆ.

ಮನೆಯಲ್ಲಿ ಮಾಡುವವರಿಗೆ ಬೋರ್ಡ್, ಪೆಟ್ಟಿಗೆ ಯಾವುದೂ ಬೇಕಿಲ್ಲ. ರಾತ್ರಿ ಪುಸ್ತಕದಲ್ಲಿ ಕಥೆ ಓದಿ, ಮಾರನೇ ದಿನ ಅಪ್ಪನೋ ಅಮ್ಮನೋ ನೆಲದ ಮೇಲೆ ಗಾಯಗೊಂಡವರಾಗಿ ಮಲಗಿ, ಪಕ್ಕದಲ್ಲಿ ಒಂದು ದುಪಟ್ಟಾ ಇಟ್ಟುಕೊಳ್ಳಿ. ಅಜ್ಜ ಅಜ್ಜಿ ಮನೆಯಲ್ಲಿದ್ದರೆ ಛತ್ರದವರ ಪಾತ್ರ ಅವರಿಗೆ ಕೊಡಿ. ಮಗು ಕಟ್ಟಿದ ಬ್ಯಾಂಡೇಜನ್ನು ಕೂಡಲೇ ಬಿಚ್ಚಬೇಡಿ, ಸ್ವಲ್ಪ ಹೊತ್ತು ಹಾಗೇ ಕಟ್ಟಿಕೊಂಡು ಓಡಾಡಿ. ಅದು ಹತ್ತಾರು ಸಲ ಬಂದು "ವಾಸಿ ಆಯ್ತಾ?" ಅಂತ ಕೇಳುತ್ತದೆ. ಕೇಳಿದಾಗಲೆಲ್ಲ ಕೆಲಸ ನಿಲ್ಲಿಸಿ ಉತ್ತರ ಕೊಡಿ.